ವಾಸದ ವೀಸಾಕ್ಕೆ ಮನೆಯ ಪುರಾವೆ: ಸಹಿ ಯಾರದು, ಹಕ್ಕು ಯಾರದು?

(ವಿದೇಶದಲ್ಲಿ ನೆಲೆಸಲು ಹೊರಟವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಸದ ವೀಸಾಕ್ಕೆ ಬೇಕಾದ ಕಾಗದಪತ್ರಗಳ ಪಟ್ಟಿ ಕೈಗೆ ಬಂದಾಗ ಕಣ್ಣು ಮೊದಲು ಹೋಗುವುದು ದುಡ್ಡಿನ ಕಡೆಗೆ. ಖಾತೆಯಲ್ಲಿ ಎಷ್ಟಿರಬೇಕು, ಸಂಬಳ ಎಷ್ಟಿರಬೇಕು, ವಿಮೆ ಎಷ್ಟರದ್ದು. ಅದರ ನಡುವೆ ಎಲ್ಲೋ ಒಂದು ಸಾಲಿನಲ್ಲಿ 'ವಾಸಸ್ಥಳದ ಪುರಾವೆ' ಅಂತ ಇರುತ್ತದೆ. ಒಂದು ಮನೆ ನೋಡಿ ಕರಾರು ಮಾಡಿಕೊಂಡರಾಯಿತು ಅಂದುಕೊಂಡು ಎಲ್ಲರೂ ಮುಂದಿನ ಸಾಲಿಗೆ ಹೋಗುತ್ತಾರೆ. ಅರ್ಜಿ ಸಲ್ಲಿಸುವ ಮೊದಲು ಕಡತವನ್ನು ಓದಿ ನೋಡಿಕೊಡುವುದು ನನ್ನ ಕೆಲಸ. ದುಡ್ಡಿನ ಕಾಗದಗಳು ಸಾಮಾನ್ಯವಾಗಿ ಅಚ್ಚುಕಟ್ಟಾಗಿಯೇ ಇರುತ್ತವೆ, ಏಕೆಂದರೆ ಅವು ನಮ್ಮ ಕೈಯಲ್ಲಿರುವಂಥವು. ಮನೆಯ ಕಾಗದ ಇರುವುದು ಬೇರೆಯವರ ಕೈಯಲ್ಲಿ, ಬೇರೆ ದೇಶದಲ್ಲಿ, ಬಹಳ ಸಲ ನಮಗೆ ಬಾರದ ಭಾಷೆಯಲ್ಲಿ. ಕಡತ ಕುಂಟುವುದು ಅಲ್ಲಿಯೇ.

ಇವತ್ತು ಮುಖ್ಯವಾಗಿ ಒಂದು ಮಾತು ಹೇಳಬೇಕೆಂದು ಬಂದಿದ್ದೇನೆ. ಬಾಡಿಗೆ ಕಟ್ಟಿದ ರಸೀದಿ ಇದ್ದರೆ ಅಧಿಕಾರಿಗೆ ಸಾಕಾಗುತ್ತದೆ ಅಂತ ತಿಳಿಯಬೇಡಿ. ಆ ಮನೆಯಲ್ಲಿ ಇರುವ ಹಕ್ಕು ಮಾಲೀಕರಿಂದ ನಿಮ್ಮ ತನಕ ಹೇಗೆ ಬಂತು ಅನ್ನುವುದನ್ನು ಅವರು ನೋಡುತ್ತಾರೆ. ಮನೆ ಯಾರದು, ಕರಾರಿಗೆ ಸಹಿ ಹಾಕಿದವರಿಗೆ ಹಾಗೆ ಸಹಿ ಹಾಕುವ ಅಧಿಕಾರ ಇತ್ತೇ, ಹೋಗುವವರೆಲ್ಲರ ಹೆಸರೂ ಅದರಲ್ಲಿ ಇದೆಯೇ, ಅಷ್ಟು ಜನಕ್ಕೆ ಅಲ್ಲಿ ಜಾಗ ಇದೆಯೇ. ಮಾಲೀಕರಿಂದ ನಿಮ್ಮ ತನಕ ಪ್ರತಿ ಹಂತಕ್ಕೂ ಒಂದು ಕಾಗದ ಇರಬೇಕು. ನಡುವಿನ ಒಂದು ಕಾಗದ ಇಲ್ಲದಿದ್ದರೆ, ಎಷ್ಟು ತಿಂಗಳ ಬಾಡಿಗೆ ಮುಂಗಡ ಕಟ್ಟಿದ್ದರೂ ಪುರಾವೆ ಅರ್ಧಕ್ಕೇ ನಿಲ್ಲುತ್ತದೆ.

ಒಂದು ಕಡತವನ್ನು ಹತ್ತಿರದಿಂದ ತೋರಿಸುತ್ತೇನೆ. ಪಿಂಚಣಿಯಂಥ ಸ್ಥಿರ ವರಮಾನ ಇರುವವರಿಗೆ ಪೋರ್ಚುಗಲ್ ಕೊಡುವ ಡಿ7 ವೀಸಾಕ್ಕೆ ಹೊರಟ ದಂಪತಿಯದ್ದು. ಹನ್ನೆರಡು ತಿಂಗಳ ಬಾಡಿಗೆ ಕರಾರು ಇತ್ತು. ಮಾಲೀಕನ ಸಹಿ, ಇವರ ಸಹಿ, ಬಾಡಿಗೆ ಮೊತ್ತ, ತಾರೀಖು, ಎಲ್ಲ ಸರಿ. ವಿಳಾಸದ ಕಡೆ 'ಮೂರನೇ ಮಹಡಿ, ಎಡ' ಅಂತ ಬರೆದಿತ್ತು. ಪೋರ್ಚುಗಲ್‌ನಲ್ಲಿ ಫ್ಲ್ಯಾಟುಗಳನ್ನು ಗುರುತಿಸುವುದೇ ಹೀಗೆ, ಮಹಡಿ ಹೇಳಿ ಎಡವೋ ಬಲವೋ ಹೇಳುವುದು. ಆದರೆ ತೆರಿಗೆ ಇಲಾಖೆಯ ಆಸ್ತಿ ದಾಖಲೆಯಲ್ಲಿ ಅದೇ ಫ್ಲ್ಯಾಟು 'ಎಚ್ ಅಕ್ಷರದ ಘಟಕ' ಅಂತ ಇತ್ತು. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡುವವರಿಗೆ ಇದು ಒಂದೇ ಮನೆ ಅಂತ ಹೇಗೆ ಗೊತ್ತಾಗಬೇಕು? ಇನ್ನೂ ಒಂದು ವಿಷಯ: ದಾಖಲೆಯಲ್ಲಿ ಇದ್ದದ್ದು ಮಾಲೀಕನೆಂದು ಸಹಿ ಹಾಕಿದವನ ತಾಯಿಯ ಹೆಸರು. ಮಗ ಮನೆ ನೋಡಿಕೊಳ್ಳುತ್ತಾನೆ, ಬಾಡಿಗೆ ವಸೂಲು ಮಾಡುತ್ತಾನೆ, ಕರಾರಿಗೂ ಅವನೇ ಸಹಿ ಹಾಕಿದ್ದಾನೆ. ಮೋಸವೇನೂ ಇರಲಿಲ್ಲ. ಆದರೆ ಕಾಗದದ ಮೇಲೆ ನೋಡಿದರೆ, ಮನೆಯ ಹಕ್ಕಿಲ್ಲದವನು ಮನೆ ಬಾಡಿಗೆಗೆ ಕೊಟ್ಟಂತಾಗಿತ್ತು.

ಸರಿಪಡಿಸಲು ಬೇಕಾದದ್ದು ಹೆಚ್ಚೇನಲ್ಲ. ಕರಾರಿನಲ್ಲಿ ವಿಳಾಸದ ಜೊತೆಗೆ ಘಟಕದ ಅಕ್ಷರವನ್ನೂ ಸೇರಿಸಿದ ಒಂದು ಸಾಲು, ಆಸ್ತಿ ದಾಖಲೆಯ ಪ್ರತಿ, ಮಗನ ಹೆಸರಿಗೆ ತಾಯಿ ಕೊಟ್ಟ ಅಧಿಕಾರ ಪತ್ರ. ಇವಿಷ್ಟನ್ನು ಕರಾರಿಗೆ ಸಹಿ ಹಾಕುವ ಮುನ್ನ ಕೇಳಿದ್ದರೆ ಒಂದು ಮಧ್ಯಾಹ್ನದ ಕೆಲಸ. ದುಡ್ಡು ಕೊಟ್ಟಾದ ಮೇಲೆ ಕೇಳಿದರೆ ಮಾಲೀಕರಿಗೆ ಆತುರ ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮುಂಗಡ ಕಳಿಸುವ ಮೊದಲು ಮಾಲೀಕತ್ವದ ದಾಖಲೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಮನೆಮಾಲೀಕರು ನಿಮ್ಮ ಸಂಬಳದ ಚೀಟಿ ಕೇಳುತ್ತಾರಲ್ಲ, ಇದೂ ಹಾಗೆಯೇ.

ಪೋರ್ಚುಗಲ್‌ನಲ್ಲಿ ಬಾಡಿಗೆ ಕರಾರನ್ನು ತೆರಿಗೆ ಇಲಾಖೆಯಲ್ಲಿ ನೋಂದಾಯಿಸಬೇಕು. ಅದಕ್ಕೆ ಒಂದು ತಿಂಗಳ ಬಾಡಿಗೆಯ ಶೇಕಡಾ 10ರಷ್ಟು ಮುದ್ರಾಂಕ ಶುಲ್ಕ ಇದೆ, ಕಟ್ಟಬೇಕಾದವರು ಮಾಲೀಕರು. ನೋಂದಣಿ ಬೇಡ, ಬಾಡಿಗೆ ಸ್ವಲ್ಪ ಕಡಿಮೆ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ದುಬೈಯಲ್ಲಿ ಸಂಸಾರವನ್ನು ಕರೆಸಿಕೊಳ್ಳಲು 'ಎಜಾರಿ' ನೋಂದಣಿ ಆಗಿರುವ ಕರಾರು ಬೇಕು, ಅಬುಧಾಬಿಯಲ್ಲಿ ಅದೇ ಕೆಲಸ ಮಾಡುವುದು 'ತೌಥೀಕ್'. ಇಟಲಿಯಲ್ಲೂ ಕರಾರು ತೆರಿಗೆ ಇಲಾಖೆಯಲ್ಲಿ ನೋಂದಣಿ ಆಗಬೇಕು. ಇಂಥ ದೇಶಗಳಲ್ಲಿ ನೋಂದಣಿ ಇಲ್ಲದ ಕರಾರು ನಿಮ್ಮಿಬ್ಬರ ನಡುವಿನ ಮಾತಾಗಿ ಉಳಿಯುತ್ತದೆ, ವೀಸಾದ ಮೇಜಿನ ಮೇಲೆ ಅದಕ್ಕೆ ತೂಕ ಸಿಗುವುದಿಲ್ಲ.

ಇನ್ನು, ನೆಂಟರ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಇಳಿದುಕೊಳ್ಳುವವರ ವಿಚಾರ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಅಣ್ಣ ಅಲ್ಲಿದ್ದಾನೆ, ಅವನ ಕೈಲಿ ಒಂದು ಪತ್ರ ಬರೆಸಿದರೆ ಆಯಿತಲ್ಲ ಅಂತ ತಂಗಿ ಅಂದುಕೊಳ್ಳುತ್ತಾಳೆ. ಅಣ್ಣ ಪತ್ರವನ್ನೂ ಬರೆಯುತ್ತಾನೆ, 'ನನ್ನ ತಂಗಿ ನನ್ನ ಜೊತೆಗೇ ಇರುತ್ತಾಳೆ, ಎಲ್ಲ ಜವಾಬ್ದಾರಿ ನನ್ನದು' ಅಂತ. ಪ್ರೀತಿಯ ಪತ್ರ, ಅನುಮಾನವಿಲ್ಲ. ಆದರೆ ಅಣ್ಣನೂ ಬಾಡಿಗೆದಾರ. ಅವನ ಕರಾರಿನಲ್ಲಿ ಆ ಮನೆಯಲ್ಲಿ ಇಬ್ಬರೇ ಇರಬೇಕು ಅಂತ ಇರಬಹುದು, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರನ್ನು ಇರಿಸಿಕೊಳ್ಳುವಂತಿಲ್ಲ ಅಂತ ಇರಬಹುದು. ಹಾಗಿದ್ದಾಗ ಅಣ್ಣನ ಪತ್ರದ ಹಿಂದೆ ಅಣ್ಣನ ಬಾಡಿಗೆ ಕರಾರು, ಅದರ ಹಿಂದೆ ಮಾಲೀಕರ ಒಪ್ಪಿಗೆ ಪತ್ರ, ಎರಡೂ ಇರಬೇಕು. ಚೆಕ್ ಗಣರಾಜ್ಯದ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ದೀರ್ಘಾವಧಿ ವೀಸಾಕ್ಕೆ ವಸತಿಯ ದೃಢೀಕರಣ ಕೊಡುವವರು ಮನೆಯ ಮಾಲೀಕರಾಗಿರಬೇಕು ಅಥವಾ ಆ ಮನೆಯನ್ನು ಬಳಸುವ ಹಕ್ಕುಳ್ಳವರಾಗಿರಬೇಕು. ಅವರ ಸಹಿಯನ್ನು ಅಧಿಕೃತವಾಗಿ ದೃಢೀಕರಿಸಿರಬೇಕು. ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಕಳಿಸಿದ ಸಹಿ ಅಲ್ಲಿ ಸಾಗುವುದಿಲ್ಲ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರದಂಥವನ್ನು ಬಿಟ್ಟು ಉಳಿದ ಕಾಗದಗಳು 180 ದಿನಕ್ಕಿಂತ ಹಳೆಯದಾಗಿರಬಾರದು ಅನ್ನುವ ನಿಯಮವೂ ಇದೆ. ಹಾಗಾಗಿ ತೀರಾ ಮುಂಚೆ ಮಾಡಿಸಿಟ್ಟುಕೊಂಡರೂ ಕಷ್ಟವೇ.

ಒಳಬಾಡಿಗೆಯ ಕಥೆಯೂ ಇದೇ. ಸ್ವೀಡನ್‌ನಲ್ಲಿ ಒಳಬಾಡಿಗೆ ಮನೆಯನ್ನು ತೋರಿಸಿ ಸಂಸಾರ ಕರೆಸಿಕೊಳ್ಳುವವರು ಮೂಲ ಮಾಲೀಕರ ಅಥವಾ ವಸತಿ ಸಂಘದ ಒಪ್ಪಿಗೆಯನ್ನೂ ತೋರಿಸಬೇಕು. ಸಂಘಕ್ಕೆ ಹೇಳದೆ ಗುಟ್ಟಾಗಿ ಕೊಟ್ಟ ಒಳಬಾಡಿಗೆ ಮನೆ ಎಷ್ಟೇ ಚೆನ್ನಾಗಿದ್ದರೂ ಪುರಾವೆಗೆ ಬಾರದು.

ಈಗ ಜಾಗದ ಲೆಕ್ಕ. ಒಬ್ಬರೇ ಹೋಗುವಾಗ ಇದರ ತಲೆನೋವು ಅಷ್ಟಾಗಿ ಇರುವುದಿಲ್ಲ. ಸಂಸಾರ ಕರೆಸಿಕೊಳ್ಳುವಾಗ ಅಧಿಕಾರಿ ಚದರ ಮೀಟರ್ ಎಣಿಸಲು ಕೂರುತ್ತಾರೆ. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಇರುವ ಒಂದು ಸಂಸಾರ ಅಂತ ಇಟ್ಟುಕೊಳ್ಳೋಣ. ಜರ್ಮನಿಯ ಆಡಳಿತ ನಿಯಮದಲ್ಲಿ ಆರು ವರ್ಷ ಮೀರಿದ ಪ್ರತಿಯೊಬ್ಬರಿಗೆ 12 ಚದರ ಮೀಟರ್, ಅದಕ್ಕಿಂತ ಚಿಕ್ಕ ಮಕ್ಕಳಿಗೆ 10. ಒಟ್ಟು 46. ಶೇಕಡಾ ಹತ್ತರಷ್ಟು ಕಡಿಮೆಯಾದರೆ ಅಡ್ಡಿ ಮಾಡುವುದಿಲ್ಲ. ಎರಡು ವರ್ಷ ತುಂಬದ ಕೂಸು ಇನ್ನೊಂದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಫ್ರಾನ್ಸಿನಲ್ಲಿ ಊರುಗಳನ್ನು ವಲಯಗಳಾಗಿ ಹಂಚಿದ್ದಾರೆ. ಬಾಡಿಗೆ ಬಲು ದುಬಾರಿಯಾದ ಪ್ಯಾರಿಸ್‌ನಂಥ ವಲಯದಲ್ಲಿ ದಂಪತಿಗೆ 22 ಚದರ ಮೀಟರ್, ಮುಂದಿನ ಪ್ರತಿ ಸದಸ್ಯರಿಗೆ 10, ಹಾಗಾಗಿ ನಮ್ಮ ನಾಲ್ವರಿಗೆ 42. ಮನೆ ಸುಲಭವಾಗಿ ಸಿಗುವ ವಲಯದಲ್ಲಿ ಅದೇ ಸಂಸಾರಕ್ಕೆ 48. ಇಟಲಿಯಲ್ಲಿ 1975ರ ಜುಲೈ 5ರ ಸಚಿವಾಲಯದ ಆದೇಶ ಮೊದಲ ನಾಲ್ಕು ಜನಕ್ಕೆ ತಲಾ 14 ಚದರ ಮೀಟರ್ ಅನ್ನುತ್ತದೆ, ಅಂದರೆ 56. ಡೆನ್ಮಾರ್ಕಿನಲ್ಲಿ ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚಿರಬಾರದು, ಇಲ್ಲವೇ ತಲಾ 20 ಚದರ ಮೀಟರ್ ಇರಬೇಕು. ಎರಡರಲ್ಲಿ ಒಂದಾದರೂ ಹೊಂದಿದರೆ ಸಾಕು.

ಬ್ರಿಟನ್‌ನದ್ದು ಬೇರೆಯೇ ಧಾಟಿ. ಅಲ್ಲಿ 1985ರ ವಸತಿ ಕಾಯ್ದೆಯ ಪ್ರಕಾರ ಮನೆ ಕಿಕ್ಕಿರಿದಿರಬಾರದು. ಒಂದು ವರ್ಷ ತುಂಬದ ಮಗುವನ್ನು ಎಣಿಸುವುದಿಲ್ಲ, ಒಂದರಿಂದ ಹತ್ತು ವರ್ಷದೊಳಗಿನ ಮಗು ಅರ್ಧ ಜನ. ನಮ್ಮ ಸಂಸಾರ ಹೀಗೆ ಮೂರು ಜನದ ಲೆಕ್ಕಕ್ಕೆ ಬರುತ್ತದೆ. ಎರಡು ಕೋಣೆಯ ಮನೆಗೆ ಕಾಯ್ದೆ ಕೊಡುವ ಮಿತಿಯೂ ಮೂರೇ. ನಡುಮನೆಯನ್ನೂ ಕೋಣೆ ಅಂತಲೇ ಎಣಿಸುತ್ತಾರೆ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಬೇಡದ ದೊಡ್ಡ ಮನೆ ಹಿಡಿದು ಬಾಡಿಗೆಗೆ ಒದ್ದಾಡುವುದನ್ನು ಕಂಡಿದ್ದೇನೆ. ಆದರೆ 50 ಚದರ ಅಡಿಗಿಂತ ಚಿಕ್ಕ ಕೋಣೆ ಲೆಕ್ಕಕ್ಕೆ ಬರುವುದಿಲ್ಲ. ದಂಪತಿಯಲ್ಲದ, ಹತ್ತು ವರ್ಷ ದಾಟಿದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಮಲಗಬೇಕಾದ ಪರಿಸ್ಥಿತಿಯೂ ಇರಬಾರದು. ಅಂದರೆ ಇವತ್ತು ಸಾಲುವ ಮನೆ ಮಕ್ಕಳು ಬೆಳೆದ ಮೇಲೆ ವೀಸಾ ವಿಸ್ತರಣೆಗೆ ಸಾಲದೇ ಹೋಗಬಹುದು. ಕರಾರು ಮಾಡುವಾಗ ಮಕ್ಕಳ ಹುಟ್ಟಿದ ತಾರೀಖನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಈ ಸಂಖ್ಯೆಗಳನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣವಿದೆ. ಬಾಡಿಗೆ ಕರಾರಿನಲ್ಲಿ ವಿಸ್ತೀರ್ಣ ಬರೆಯದೇ ಬಿಡುವುದು ಸರ್ವೇಸಾಮಾನ್ಯ. ಆಗ ಅಧಿಕಾರಿಗೆ ಎಣಿಸಲು ಏನೂ ಸಿಗುವುದಿಲ್ಲ. ಇಟಲಿಯಲ್ಲಿ ನಗರಸಭೆಯೇ ಮನೆ ವಾಸಯೋಗ್ಯವೆಂದು ಪ್ರಮಾಣಪತ್ರ ಕೊಡಬೇಕು, ಸ್ಪೇನಿನಲ್ಲಿ ಪ್ರಾಂತ್ಯ ಸರ್ಕಾರವೋ ನಗರಸಭೆಯೋ ವಸತಿ ವರದಿ ಕೊಡುತ್ತದೆ. ಬ್ರಿಟನ್ನಿಗೆ ಹೋಗುವವರು ಮನೆ ಪರಿಶೀಲನಾ ವರದಿ ಮಾಡಿಸಿ ಲಗತ್ತಿಸುತ್ತಾರೆ. ಅಂಥದ್ದು ಇಲ್ಲದ ಕಡೆ ಕರಾರಿನಲ್ಲೇ ಒಟ್ಟು ವಿಸ್ತೀರ್ಣ, ಕೋಣೆಗಳ ಸಂಖ್ಯೆ, ಇರುವವರೆಲ್ಲರ ಹೆಸರು ಬರೆಸಿಕೊಳ್ಳಿ. ನಿಮಗೆ ಈ ಷರತ್ತು ಅನ್ವಯವಾಗುತ್ತದೆಯೇ ಅನ್ನುವುದನ್ನೂ ನೋಡಿಕೊಳ್ಳಿ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಹೆಚ್ಚಿನ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇರುವವರ ಮತ್ತು ಹಲವು ಬಗೆಯ ಕುಶಲ ಉದ್ಯೋಗಿಗಳ ಪತಿ ಅಥವಾ ಪತ್ನಿ ಮತ್ತು ಅಪ್ರಾಪ್ತ ಮಕ್ಕಳಿಗೆ ಈಗ ಸಾಕಷ್ಟು ಜಾಗವಿದೆಯೆಂದು ತೋರಿಸುವ ಷರತ್ತು ಇಲ್ಲ. ಹಳೆಯ ಪಟ್ಟಿ ಓದಿಕೊಂಡು ದೊಡ್ಡ ಮನೆ ಸಿಗುವ ತನಕ ಹೆಂಡತಿ ಮಕ್ಕಳಿಂದ ದೂರ ಉಳಿದವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ವೀಸಾ ಬೇಕಾದರೆ ಮನೆ ತೋರಿಸಬೇಕು, ಮನೆ ಬೇಕಾದರೆ ಮಾಲೀಕರು ವೀಸಾ ಕೇಳುತ್ತಾರೆ. ಅಲ್ಲಿನ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಸಂಬಳದ ಚೀಟಿ, ಯಾವುದೂ ಇಲ್ಲದವನಿಗೆ ಮನೆ ಯಾರು ಕೊಡುತ್ತಾರೆ? ಇದು ನಿಜವಾದ ಕಷ್ಟ. ಇದನ್ನು ಪೂರ್ತಿ ಇಲ್ಲವಾಗಿಸುವ ಉಪಾಯ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಷ್ಟವನ್ನು ಕಡಿಮೆ ಮಾಡುವ ದಾರಿಗಳಿವೆ, ಅಷ್ಟೆ. ಪೋರ್ಚುಗಲ್‌ನಲ್ಲಿ ವೀಸಾಕ್ಕೆ ಮೊದಲೇ, ಹೊರಗಿದ್ದುಕೊಂಡೇ, ಪ್ರತಿನಿಧಿಯ ಮೂಲಕ ತೆರಿಗೆ ಸಂಖ್ಯೆ ಪಡೆಯಬಹುದು. ಓದಲು ಹೋಗುವವರು ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ನಿಲಯದ ಪತ್ರದಲ್ಲಿ ಸಹಿ, ಮೊಹರು, ವಿಳಾಸ, ಅವಧಿ ಎಲ್ಲ ಒಟ್ಟಿಗೇ ಇರುವುದರಿಂದ ಅದರಷ್ಟು ಗಟ್ಟಿ ಪುರಾವೆ ಕಡಿಮೆ. ಕೆಲಸಕ್ಕೆ ಹೋಗುವವರು, ಮೊದಲ ಕೆಲವು ತಿಂಗಳ ವಸತಿಯನ್ನು ಕಂಪನಿ ಕೊಡುತ್ತದೆಯೇ ಅಂತ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ. ಸಹಿ ಹಾಕುವ ತನಕ ಮಾತ್ರ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಮೊದಲೇ ಕರಾರು ಮಾಡಿಕೊಳ್ಳಲೇಬೇಕಾಗಿ ಬಂದರೆ ಒಂದು ಷರತ್ತು ಬಿಡಬೇಡಿ: ವೀಸಾ ನಿರಾಕರಣೆಯಾದರೆ, ನಿರಾಕರಣೆಯ ಪತ್ರ ತೋರಿಸಿದ ಮೇಲೆ ಕರಾರು ರದ್ದಾಗುತ್ತದೆ, ಮುಂಗಡ ಇಂತಿಷ್ಟು ದಿನದಲ್ಲಿ ವಾಪಸು ಬರುತ್ತದೆ. ವೀಸಾ ತಡವಾದರೆ ಬಾಡಿಗೆ ಶುರುವಾಗುವ ತಾರೀಖು ಮುಂದಕ್ಕೆ ಹೋಗುತ್ತದೆ ಅನ್ನುವುದೂ ಇರಲಿ. ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇನೆ ಅಂದರೆ ಅದು ನ್ಯಾಯವಾದ ಮಾತೇ, ಮನೆ ಅಷ್ಟು ದಿನ ಖಾಲಿ ಇರುತ್ತದಲ್ಲ. ಷರತ್ತನ್ನು ಬರೆಯುವುದಕ್ಕೇ ಒಪ್ಪದವರ ಜೊತೆ ವರ್ಷದ ಬಾಡಿಗೆ ಮುಂಗಡ ಕಟ್ಟುವ ವ್ಯವಹಾರಕ್ಕೆ ನಾನಂತೂ ಹೂಂ ಅನ್ನುವುದಿಲ್ಲ.

ವಂಚಕರು ಹೊಂಚು ಹಾಕುವುದೂ ಇದೇ ಹೊತ್ತಿಗೆ. ಅವರ ಮಾತಿನ ವರಸೆ ಎಲ್ಲ ಕಡೆ ಒಂದೇ. ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ಮನೆ ತೋರಿಸಲಾರೆ, ದುಡ್ಡು ಕಳಿಸಿದರೆ ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ, ಇನ್ನೂ ಮೂವರು ಕೇಳುತ್ತಿದ್ದಾರೆ, ಇವತ್ತೇ ಹೇಳಿ. ಬಾಡಿಗೆ ಆ ಬಡಾವಣೆಯ ಬೆಲೆಗಿಂತ ಕಡಿಮೆ, ಫೋಟೋಗಳು ತುಂಬ ಚೆಂದ. ಜರ್ಮನಿಯಲ್ಲಿ ಮುಂಗಡ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಹೋಗುವ ದೇಶದ ಇಂಥ ಒಂದು ನಿಯಮ ಗೊತ್ತಿದ್ದರೂ ಯಾರು ವ್ಯವಹಾರಸ್ಥರು, ಯಾರು ಅಲ್ಲ ಅಂತ ಬೇಗ ತಿಳಿಯುತ್ತದೆ. ಅಲ್ಲಿರುವ ಪರಿಚಯದವರೊಬ್ಬರು ಮನೆಗೆ ಹೋಗಿ, ಒಳಗೆ ನಿಂತು, ವಿಡಿಯೋ ಕರೆ ಮಾಡಿ ತೋರಿಸದ ಹೊರತು ದುಡ್ಡು ಕಳಿಸಬೇಡಿ.

ವೀಸಾಕ್ಕೆಂದೇ ಹುಸಿ ಬಾಡಿಗೆ ಕರಾರು ಮಾಡಿಕೊಡುತ್ತೇವೆ ಅನ್ನುವವರ ಬಗ್ಗೆ ನನ್ನ ಮಾತು ಖಡಾಖಂಡಿತ. ಬೇಡವೇ ಬೇಡ. ಬ್ರಿಟನ್ನಿನಲ್ಲಿ ಅರ್ಜಿಯಲ್ಲಿ ವಂಚನೆ ಕಂಡುಬಂದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು, ಕೆನಡಾದಲ್ಲಿ ಐದು ವರ್ಷ. ಮನೆಯ ಕಾಗದ ಸಾಲದು ಅಂತ ನಿರಾಕರಣೆಯಾದವರು ಸರಿಯಾದ ಕಾಗದ ಇಟ್ಟುಕೊಂಡು ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಕಾಗದಕ್ಕೆ ನಿರಾಕರಣೆಯಾದವರ ಹೆಸರಿಗೆ ಅದು ಅಂಟಿಕೊಂಡೇ ಇರುತ್ತದೆ. ಜರ್ಮನಿಯಲ್ಲಿ ವಾಸವಿಲ್ಲದ ವಿಳಾಸವನ್ನು ನೋಂದಣಿಗೆ ಕೊಡುವವರಿಗೆ 50,000 ಯೂರೋ ತನಕ ದಂಡ ಹಾಕಬಹುದು. ಉಪಕಾರ ಮಾಡಲು ಹೋದ ಸ್ನೇಹಿತರೂ ಸಿಕ್ಕಿಬೀಳುತ್ತಾರೆ.

ವೀಸಾ ಬಂದ ಮೇಲೂ ಮನೆಯ ಕಾಗದದ ಕೆಲಸ ಮುಗಿಯುವುದಿಲ್ಲ. ಪೋರ್ಚುಗಲ್‌ನ ವಾಸದ ವೀಸಾ ನಾಲ್ಕು ತಿಂಗಳದ್ದು, ಅಷ್ಟರೊಳಗೆ ಹೋಗಿ ಅಲ್ಲಿನ ವಲಸೆ ಸಂಸ್ಥೆಯಿಂದ ವಾಸದ ಪರವಾನಗಿ ಪಡೆಯಬೇಕು, ಅಲ್ಲಿಯೂ ಮನೆ ತೋರಿಸಬೇಕು. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ 2015ರ ನವೆಂಬರ್ 1ರಿಂದ ಕಡ್ಡಾಯ. ಬಾಡಿಗೆ ಕರಾರು ಅದಕ್ಕೆ ಬದಲಿಯಲ್ಲ. ಕೆಲವು ಮಾಲೀಕರು ಬಾಡಿಗೆ ತೆಗೆದುಕೊಂಡು, ನೋಂದಣಿ ಮಾತ್ರ ಬೇಡ ಅನ್ನುತ್ತಾರೆ. ಅಂಥ ಮನೆ ಎಷ್ಟು ಅಗ್ಗವಾದರೂ ನಿಮಗೆ ಉಪಯೋಗವಿಲ್ಲ, ಏಕೆಂದರೆ ವಾಸದ ಪರವಾನಗಿಗೆ ನೋಂದಣಿಯೇ ಮೊದಲ ಮೆಟ್ಟಿಲು. ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನಕ್ಕೆ ತೊಂದರೆ ಕೊಟ್ಟದ್ದು: ಅಲ್ಲಿ ಫ್ಲ್ಯಾಟಿಗೆ ನಂಬರ್ ಇರುವುದೇ ಅಪರೂಪ, ಅಂಚೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಚೇರಿಯ ಪತ್ರ ವಾಪಸು ಹೋಗುತ್ತದೆ. ಒಳಬಾಡಿಗೆಗೆ ಸೇರುವವರು ಮೊದಲ ದಿನವೇ ಹೆಸರಿನ ಚೀಟಿ ಅಂಟಿಸಲು ಕೇಳಿಕೊಳ್ಳಿ.

ಇನ್ನು ಸಭಿಕರ ಪ್ರಶ್ನೆಗಳು.

ಹೋಟೆಲ್ ಬುಕಿಂಗ್ ತೋರಿಸಿದರೆ ಸಾಲದೇ ಅಂತ ಒಬ್ಬರು ಕೇಳಿದರು. ಪ್ರವಾಸಿ ವೀಸಾಕ್ಕೆ ಸಾಕು. ವಾಸದ ವೀಸಾ ಕೇಳುವವರು ಅಲ್ಲಿ ನೆಲೆಸುತ್ತೇನೆ ಅಂತ ಹೇಳಿ, ಎರಡು ವಾರದ ಹೋಟೆಲ್ ತೋರಿಸಿದರೆ ಎರಡು ಮಾತು ಹೊಂದುವುದಿಲ್ಲ. ಮೊದಲ ವಾರಗಳಿಗೆ ತಾತ್ಕಾಲಿಕ ವಸತಿ ಆದೀತು ಅಂತ ಪಟ್ಟಿಯಲ್ಲೇ ಬರೆದಿದ್ದರೆ ಮಾತ್ರ ಅದನ್ನು ನೆಚ್ಚಿಕೊಳ್ಳಿ. ಆ ಪಟ್ಟಿಯನ್ನೂ ಅರ್ಜಿ ಸಲ್ಲಿಸುವ ವಾರ ಇನ್ನೊಮ್ಮೆ ಓದಿ, ಅದೂ ನೀವು ಅರ್ಜಿ ಹಾಕುವ ಕಾನ್ಸುಲೇಟಿನದ್ದನ್ನೇ. ಒಂದೇ ದೇಶದ ಎರಡು ಕಾನ್ಸುಲೇಟುಗಳ ಪಟ್ಟಿ ಬೇರೆ ಬೇರೆ ಇರುವುದುಂಟು.

ಅರ್ಜಿ ಹಾಕಿದ ಮೇಲೆ, ತೀರ್ಮಾನ ಬರುವ ಮೊದಲು, ಆ ಮನೆ ಕೈತಪ್ಪಿದರೆ? ಸುಮ್ಮನಿರಬೇಡಿ. ತಾವಾಗಿಯೇ ತಿಳಿಸಿ, ಹೊಸ ಮನೆಯ ಕಾಗದಗಳನ್ನು ಮಾಲೀಕರ ದಾಖಲೆಯಿಂದ ಹಿಡಿದು ಪೂರ್ತಿಯಾಗಿ ಕಳಿಸಿ, ಹಳೆಯ ಕರಾರು ಏಕೆ ಮುಗಿಯಿತು ಅಂತ ಎರಡು ಸಾಲು ಬರೆಯಿರಿ. ವಿಳಾಸ ಬದಲಾದದ್ದು ತಪ್ಪಲ್ಲ. ಹಳೆಯ ಮಾಲೀಕರಿಗೆ ಫೋನ್ ಮಾಡಿದಾಗ 'ಅವರು ಇಲ್ಲಿಗೆ ಬರುತ್ತಿಲ್ಲವಲ್ಲ' ಅನ್ನುವ ಉತ್ತರ ಅಧಿಕಾರಿಗೆ ಸಿಕ್ಕರೆ ಮಾತ್ರ ಅದು ತಪ್ಪಿನಂತೆ ಕಾಣುತ್ತದೆ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು. ಜರ್ಮನಿಯಲ್ಲಿ ಮಗನ ಹೆಸರಿನಲ್ಲಿ ಸ್ವಂತ ಫ್ಲ್ಯಾಟು ಇದೆ, ಸದ್ಯ ಬಾಡಿಗೆಗೆ ಕೊಟ್ಟಿದ್ದಾನೆ, ಅದರ ಕ್ರಯಪತ್ರ ತೋರಿಸಬಹುದೇ? ಕ್ರಯಪತ್ರದಿಂದ ಮನೆ ಮಗನದು ಅಂತ ಗೊತ್ತಾಗುತ್ತದೆ, ನೀವು ಅಲ್ಲಿ ಇರಬಹುದು ಅಂತ ಗೊತ್ತಾಗುವುದಿಲ್ಲ, ಏಕೆಂದರೆ ಸದ್ಯಕ್ಕೆ ಅಲ್ಲಿ ಇರುವ ಹಕ್ಕು ಬಾಡಿಗೆದಾರರದು. ಅವರು ಬಿಡುವ ತಾರೀಖಿನ ಲಿಖಿತ ದಾಖಲೆ ಬೇಕು. ಜರ್ಮನಿಯಲ್ಲಿ ಅನಿರ್ದಿಷ್ಟ ಅವಧಿಯ ಬಾಡಿಗೆದಾರರನ್ನು ಬಿಡಿಸಲು ಮಾಲೀಕರಿಗೆ ಕಾನೂನು ಒಪ್ಪುವ ಕಾರಣ ಇರಬೇಕು. ತನ್ನ ಮನೆಯವರಿಗೇ ಜಾಗ ಬೇಕು ಅನ್ನುವುದು ಅಂಥ ಒಂದು ಕಾರಣ. ಆದರೂ ಮೂರು ತಿಂಗಳ ನೋಟಿಸು ಕೊಡಬೇಕು. ಬಾಡಿಗೆದಾರರು ಐದು ವರ್ಷ ಇದ್ದಿದ್ದರೆ ಆರು ತಿಂಗಳು, ಎಂಟು ವರ್ಷ ಇದ್ದಿದ್ದರೆ ಒಂಬತ್ತು. ಅವರು ಎಷ್ಟು ವರ್ಷದಿಂದ ಇದ್ದಾರೆ ಅಂತ ಮಗನನ್ನು ಇವತ್ತೇ ಕೇಳಿ, ಅರ್ಜಿಯ ತಾರೀಖನ್ನು ಆಮೇಲೆ ಗೊತ್ತು ಮಾಡಿಕೊಳ್ಳಿ.